ಹೊಲದ ದಾರಿ ತಪ್ಪಿದ ಮನೆಕಸ

ಬಾಗಲಕೋಟೆಯ ಸಂತೆಯಲ್ಲಿ ಕಾಯಿಪಲ್ಯ ಮಾರುವ ಹೆಣ್ಣುಮಗಳೊಬ್ಬರನ್ನು ಇತ್ತೀಚೆಗೆ, ‘ಅಕ್ಕಾ, ಈ ಪ್ಲಾಸ್ಟಿಕ್ ಚೀಲ ಬಂದ್ ಆಗಿಲ್ಲೇನ್ರಿ?’ ಎಂದು ಕೇಳಿದೆ. ‘ಒಂದು ಬಂದ್ ಆದ್ರ ಇನ್ನೊಂದು ಬರ್ತೈತ್ರಿ. ಯಾವ್ದು ಬಂದ್ ಆಗೇತಿ, ಯಾವ್ದು ನಡದೈತಿ ನಮಗ ಹ್ಯಾಂಗ ತಿಳೀಬೇಕ್ರಿ’ ಎಂದರು. ಅವರ ಮಾತು ನ್ಯಾಯವಾದದ್ದು. ಕಳೆದ ಇಪ್ಪತ್ತೈದಕ್ಕೂ ಹೆಚ್ಚು ವರ್ಷಗಳಲ್ಲಿ ಪ್ಲಾಸ್ಟಿಕ್ ಕುರಿತು ಬಂದ ನಿಯಮಗಳು, ಅವುಗಳ ತಿದ್ದುಪಡಿಗಳು, ರಾಜ್ಯದ ಆದೇಶಗಳು ಒಂದರ ಮೇಲೊಂದು ಕುಳಿತಿರುವುದರಿಂದ, ಓದು ಬಲ್ಲವರಿಗೂ ಈ ವಿಷಯದ ತಲೆಬುಡ ಹತ್ತುವುದಿಲ್ಲ. ಅದನ್ನು ಬಿಡಿಸಿ ನೋಡಬೇಕಾದರೆ ಪ್ಲಾಸ್ಟಿಕ್ಕಿಗಿಂತ ಹಿಂದೆ, ತಿಪ್ಪೆಯಿಂದ ಆರಂಭಿಸಬೇಕಾಗುತ್ತದೆ.

ತಲೆಮಾರುಗಳವರೆಗೆ ಈ ಭಾಗದ ಮನೆಕಸಕ್ಕೆ ಇದ್ದ ಮುಖ್ಯ ದಾರಿ ಹೊಲದ್ದು. ಮುಸುರಿ ಎಮ್ಮೆಗೆ ಹೋಗುತ್ತಿತ್ತು. ಸೆಗಣಿ, ಒಲೆಯ ಬೂದಿ, ಗುಡಿಸಿದ ಮಣ್ಣು, ದನ ತಿಂದು ಬಿಟ್ಟ ಕಣಿಕೆಯ ಚೂರು ತಿಪ್ಪೆಗೆ ಬೀಳುತ್ತಿದ್ದವು. ಬೇಸಿಗೆ ಮುಗಿಯುವುದರೊಳಗೆ ತಿಪ್ಪೆ ಚಕ್ಕಡಿಯೇರಿ ಎರೆಹೊಲ ಸೇರುತ್ತಿತ್ತು. ಕಬ್ಬಿಣ, ಹಿತ್ತಾಳೆ, ರದ್ದಿಗೆ ಕೊಳ್ಳುವವರಿದ್ದರು. ಹೊಲ, ಕೊಳ್ಳುವವರು ಇವೆರಡರಲ್ಲಿ ಯಾವುದಕ್ಕೂ ಸೇರದ ಮೂರನೆಯ ಕಸ ಮನೆಯಲ್ಲಿ ಇರಲಿಲ್ಲವೆಂದೇ ಹೇಳಬೇಕು.

ಆ ಹೊಲದ ದಾರಿ ಬಾಗಲಕೋಟೆಯಲ್ಲಿ ಮುರಿದ ಬಗೆ ಬೇರೆ ಊರುಗಳಿಗಿಂತ ಭಿನ್ನವಾದುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಲಮಟ್ಟಿ ಅಣೆಕಟ್ಟು 2006ರಲ್ಲಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಗೊಂಡಿತು. ಈ ನಡುವಿನ ವರ್ಷಗಳಲ್ಲಿ, ಅದರಲ್ಲೂ 1997ರಲ್ಲಿ ಬಾಗಲಕೋಟೆ ಜಿಲ್ಲೆಯಾದ ಆಸುಪಾಸಿನಲ್ಲಿ, ಹಿನ್ನೀರು ಏರುವ ಲೆಕ್ಕಕ್ಕೆ ತಕ್ಕಂತೆ ಹಳೆ ಊರಿನ ಓಣಿಗಳು ಒಂದೊಂದಾಗಿ ಖಾಲಿಯಾಗಿ ಹೊಸದಾಗಿ ಕಟ್ಟಿದ ನವನಗರಕ್ಕೆ ಬಂದವು. ಹಳೆ ಮನೆಯಲ್ಲಿ ಬಾಗಿಲು ದಾಟಿದೊಡನೆ ಗೋದಲಿ, ಅದರಾಚೆ ಪಡಸಾಲೆ, ಹಿಂದೆ ಹಿತ್ತಲು ಇರುತ್ತಿದ್ದವು. ನವನಗರದಲ್ಲಿ ಅಳತೆಯ ನಿವೇಶನ, ನೇರ ರಸ್ತೆ, ಸೆಕ್ಟರ್‌ಗಳು. ನಮ್ಮ ಮನೆಯ ಪರಿಹಾರದ ಪಟ್ಟಿಯಲ್ಲಿ ಗೋಡೆ, ತೊಲೆ, ಬಾಗಿಲು, ಹಿತ್ತಲಿನ ಬೇವಿನಮರ ಎಲ್ಲವೂ ಇದ್ದವು, ತಿಪ್ಪೆ ಇರಲಿಲ್ಲ. ಅದು ಇರಬೇಕಿತ್ತೆಂದು ಆಗ ಯಾರಿಗೂ ಹೊಳೆಯಲಿಲ್ಲ. ಎಮ್ಮೆಯನ್ನು ಕಟ್ಟಲು ಜಾಗವಿಲ್ಲವೆಂದು ಅವ್ವ ಅದನ್ನು ಮಾರಿದ ದಿನದಿಂದ ಮುಸುರಿ ಎಲ್ಲಿಗೆ ಹಾಕಬೇಕೆಂಬ ಪ್ರಶ್ನೆ ನಮ್ಮ ಮನೆಯಲ್ಲಿ ಮೊದಲ ಬಾರಿಗೆ ಹುಟ್ಟಿತು. ಕೆಲವು ತಿಂಗಳು ಆಕೆ ಅದನ್ನು ಬಕೆಟ್ಟಿನಲ್ಲಿ ಹಿಡಿದುಕೊಂಡು ಎರಡು ಸೆಕ್ಟರ್ ಆಚೆ ದನ ಕಟ್ಟಿದವರ ಮನೆಗೆ ಹೋಗಿ ಕೊಟ್ಟು ಬರುತ್ತಿದ್ದಳು. ಅವರೂ ದನ ಮಾರಿದ ಮೇಲೆ ಮುಸುರಿ ಗಟಾರದ ಪಾಲಾಯಿತು.

ತಿಪ್ಪೆ ಹೋದ ಅದೇ ವರ್ಷಗಳಲ್ಲಿ ಪ್ಲಾಸ್ಟಿಕ್ ಹಾಳಿ ಮನೆಯೊಳಗೆ ಬಂತು. ಕಿರಾಣಿ ಅಂಗಡಿಯವರು ಸಕ್ಕರೆಯನ್ನು ರದ್ದಿ ಕಾಗದದಲ್ಲಿ ಸುತ್ತಿ ದಾರ ಕಟ್ಟುವುದನ್ನು ಬಿಟ್ಟರು. ಡಬ್ಬಿ ಒಯ್ದು ತರುತ್ತಿದ್ದ ಎಣ್ಣೆ ಪಾಕೀಟಿನಲ್ಲಿ ಬಂತು. ಹಾಲು, ಶಾಂಪೂ, ಚಹಾಪುಡಿ ಎಲ್ಲವೂ ಅದೇ ದಾರಿ ಹಿಡಿದವು. ಈ ಹೊಸ ಕಸವನ್ನು ಜನ ಹಳೆಯ ರೂಢಿಯಂತೆಯೇ ನಡೆಸಿಕೊಂಡರು. ಉಳಿದಿದ್ದ ತಿಪ್ಪೆಗೆ ಎಸೆದರು, ಇಲ್ಲವೇ ಜಳಕದ ನೀರು ಕಾಸುವ ಹಂಡೆಯೊಲೆಗೆ ಹಾಕಿದರು. ಹಸಿ ಕಟ್ಟಿಗೆ ಬೇಗ ಹೊತ್ತಿಕೊಳ್ಳಲೆಂದು ಪ್ಲಾಸ್ಟಿಕ್ ಹಾಳಿಯ ಚೂರು ತುರುಕುವುದು ಇಂದಿಗೂ ನಮ್ಮ ಕಡೆಯ ಅನೇಕ ಮನೆಗಳಲ್ಲಿ ಬೆಳಗಿನ ಮೊದಲ ಕೆಲಸ. ತೆರೆದ ಒಲೆಯ ಕಡಿಮೆ ಶಾಖದಲ್ಲಿ ಪ್ಲಾಸ್ಟಿಕ್ ಪೂರ್ತಿ ಉರಿಯುವುದಿಲ್ಲ. ಪಿವಿಸಿಯಂಥ ಕ್ಲೋರಿನ್ ಇರುವ ಬಗೆಯಿಂದ ಡಯಾಕ್ಸಿನ್ ಎಂಬ ವಿಷ ಹೊರಡುತ್ತದೆ. ಒಲೆಯ ಮುಂದೆ ಕುಳಿತು ಊದುವವರು ಹೆಣ್ಣುಮಕ್ಕಳು.

ಇತ್ತ ದೇಶದ ಮಟ್ಟದಲ್ಲಿ ನಡೆದದ್ದನ್ನು ಚುಟುಕಾಗಿ ಹೇಳಬಹುದು. 1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡಾಗ ಊರಕಸ ಎಲ್ಲರ ಚಿಂತೆಯಾಯಿತು. 1996ರಲ್ಲಿ ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು ಊರಕಸದ ಸರಿಯಾದ ವಿಲೇವಾರಿ ಕೋರಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಅದರ ಫಲವಾಗಿ 2000ದಲ್ಲಿ ನಗರ ಘನತ್ಯಾಜ್ಯ ನಿಯಮಗಳು ಬಂದವು. 2003ರ ಡಿಸೆಂಬರ್ ಮುಗಿಯುವುದರೊಳಗೆ ಕಸ ಸಂಸ್ಕರಿಸುವ ಘಟಕಗಳು ಸಿದ್ಧವಾಗಬೇಕೆಂದು ಆ ನಿಯಮಗಳು ಹೇಳಿದ್ದವು. ಗಡುವು ದಾಟಿ ಎರಡು ದಶಕ ಕಳೆದ ಮೇಲೂ ಹಳೆ ಕಸದ ಗುಡ್ಡಗಳನ್ನು ಅಗೆದು ಸೋಸುವ ಕೆಲಸ ದೇಶದ ಹಲವು ಊರುಗಳಲ್ಲಿ ಮುಗಿದಿಲ್ಲ.

ಪ್ಲಾಸ್ಟಿಕ್ಕಿನ ಕಾನೂನು ಬೇರೆಯೇ ದಾರಿಯಲ್ಲಿ ನಡೆಯಿತು. ಅದು ಚೀಲದ ದಪ್ಪವನ್ನು ಅಳೆದು, ಇಷ್ಟಕ್ಕಿಂತ ತೆಳುವಾದದ್ದು ಕೂಡದೆನ್ನತೊಡಗಿತು. 1999ರಲ್ಲಿ 20 ಮೈಕ್ರಾನ್, 2011ರಲ್ಲಿ 40, 2016ರಲ್ಲಿ 50, 2021ರ ಸೆಪ್ಟೆಂಬರ್ ಕೊನೆಯಿಂದ 75, 2022ರ ಡಿಸೆಂಬರ್ ಕೊನೆಯಿಂದ 120. ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್. ಕಾಯಿಪಲ್ಯ ಮಾರುವ ಅಕ್ಕನ ಬೆರಳಿಗೆ 50ಕ್ಕೂ 75ಕ್ಕೂ ಇರುವ ವ್ಯತ್ಯಾಸ ತಿಳಿಯುವಂಥದ್ದಲ್ಲ. ಆದರೂ ಈ ಅಳತೆಯ ಹಿಂದೆ ಒಂದು ತರ್ಕವಿದೆ. ಇಪ್ಪತ್ತು ಸೆಂಟಿಮೀಟರ್ ಅಗಲ, ಮೂವತ್ತು ಸೆಂಟಿಮೀಟರ್ ಉದ್ದದ ಚೀಲಕ್ಕೆ ಲೆಕ್ಕ ಹಾಕಿ ನೋಡಿದೆ: 20 ಮೈಕ್ರಾನಿನದಾದರೆ ಒಂದು ಕಿಲೋ ಆಗಲು ಸುಮಾರು 450 ಚೀಲ ಆಯಬೇಕು, 50ರದ್ದಾದರೆ 180, 120ರದ್ದಾದರೆ ಎಪ್ಪತ್ತೈದೇ ಸಾಕು. ತೆಳುವಾದ ಚೀಲವನ್ನು ಆಯುವವರು ಬಿಟ್ಟು ಹೋಗುವುದು ಸೋಮಾರಿತನದಿಂದಲ್ಲ, ಬಗ್ಗಿದ ಬೆನ್ನಿಗೆ ಕೂಲಿ ಗಿಟ್ಟದಿರುವುದರಿಂದ.

ಗೊಂದಲ ಹೆಚ್ಚಾದದ್ದು 2016ರ ಮಾರ್ಚ್ ತಿಂಗಳಲ್ಲಿ. ಆ ತಿಂಗಳ 11ರಂದು ಕರ್ನಾಟಕ ಸರ್ಕಾರ ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಊಟದ ಮೇಜಿನ ಹಾಳಿ, ಫ್ಲೆಕ್ಸ್, ಬಂಟಿಂಗ್ ಎಲ್ಲವನ್ನೂ ನಿಷೇಧಿಸಿತು. ಒಂದೇ ವಾರಕ್ಕೆ, 18ರಂದು, 50 ಮೈಕ್ರಾನಿಗಿಂತ ತೆಳುವಾದದ್ದು ಬೇಡವೆನ್ನುವ ಕೇಂದ್ರದ ನಿಯಮ ಪ್ರಕಟವಾಯಿತು. ದಪ್ಪ ಚೀಲ ಕೇಂದ್ರದ ಲೆಕ್ಕದಲ್ಲಿ ನಡೆಯುತ್ತದೆ, ರಾಜ್ಯದ ಲೆಕ್ಕದಲ್ಲಿ ನಡೆಯುವುದಿಲ್ಲ ಎಂಬ ಸ್ಥಿತಿ ಉಂಟಾಯಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಕೆಲವು ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಈ ನಡುವೆ ಅಂಗಡಿಗಳಲ್ಲಿ ಬಟ್ಟೆಯಂತೆಯೇ ಕಾಣುವ ಬಣ್ಣಬಣ್ಣದ ಚೀಲಗಳು ಬಂದವು. ಅವು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ನೇಯದೆ, ಶಾಖದಿಂದ ಒತ್ತಿ ಮಾಡಿದವು. ಒಂದು ಚೂರನ್ನು ಬೆಂಕಿಯ ಹತ್ತಿರ ಹಿಡಿದರೆ ಹತ್ತಿಯಂತೆ ಬೂದಿಯಾಗದೆ ಕರಗಿ ಮುದುಡುತ್ತದೆ. ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಗಳಂಥ ಮಗ್ಗದ ಊರುಗಳಿರುವ ಜಿಲ್ಲೆಯಲ್ಲಿ ನೇಯದ ಪ್ಲಾಸ್ಟಿಕ್ಕು ಬಟ್ಟೆಯ ಹೆಸರಿನಲ್ಲಿ ಮಾರಾಟವಾಗುವುದನ್ನು ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇಷ್ಟೆಲ್ಲ ನಿಯಮಗಳ ಆಚೆಗೆ ಪ್ಲಾಸ್ಟಿಕ್ಕು ನಿಜವಾಗಿ ಮರುಬಳಕೆಯಾಗುವುದು ಹೇಗೆಂಬುದನ್ನು ನಾನು ಕಂಡದ್ದು ಒಂದು ಭಂಗಾರ (ಗುಜರಿ) ಅಂಗಡಿಯ ಹಿಂದಿನ ತಗಡಿನ ಛಾವಣಿಯಡಿ. ಅಲ್ಲಿ ಬೇರ್ಪಡಿಸಲು ಕುಳಿತಿದ್ದ ಹಿರಿಯ ಹೆಣ್ಣುಮಗಳು ಪ್ರತಿ ಹಾಳಿಯನ್ನು ಮುಷ್ಟಿಯಲ್ಲಿ ಒಮ್ಮೆ ಹಿಸುಕಿ ಬಲಕ್ಕೋ ಎಡಕ್ಕೋ ಎಸೆಯುತ್ತಿದ್ದರು. ನೋಡುತ್ತಲೇ ಇರಲಿಲ್ಲ, ಕೇಳುತ್ತಿದ್ದರು. ಚರಚರ ಎಂದರೆ ಒಂದು ಜಾತಿ, ಸದ್ದಿಲ್ಲದೆ ಮೆತ್ತಗೆ ಮಡಚಿಕೊಂಡರೆ ಹಾಲಿನ ಪಾಕೀಟಿನ ಜಾತಿ. ಅನುಮಾನ ಬಂದದ್ದನ್ನು ಪಕ್ಕದ ನೀರಿನ ಬುಟ್ಟಿಗೆ ಹಾಕುತ್ತಿದ್ದರು: ಪಾಲಿಥೀನ್, ಪಾಲಿಪ್ರೊಪಿಲೀನ್ ತೇಲುತ್ತವೆ, ನೀರಿನ ಬಾಟಲಿಯ ಪೆಟ್ ಮತ್ತು ಪೈಪಿನ ಪಿವಿಸಿ ಮುಳುಗುತ್ತವೆ. ಬಾಟಲಿಯ ಮುಚ್ಚಳ ಬೇರೆ ಜಾತಿಯದ್ದಾದ್ದರಿಂದ ಅದನ್ನು ತಿರುವಿ ತೆಗೆದು ಬೇರೆ ಚೀಲಕ್ಕೆ ಹಾಕುತ್ತಿದ್ದರು. ಹೀಗೆ ಬೇರ್ಪಟ್ಟದ್ದು ಮುಂದೆ ದೊಡ್ಡ ಊರುಗಳಲ್ಲಿ ಚೂರಾಗಿ, ತೊಳೆದು, ಒಣಗಿ, ಕರಗಿ, ಶ್ಯಾವಿಗೆಯಂತೆ ಎಳೆಯಾಗಿ, ಕತ್ತರಿಸಿದ ಕಾಳಾಗುತ್ತದೆ. ಆ ಕಾಳಿನಿಂದ ಬಕೆಟ್ಟು, ಪೈಪು ಆಗುತ್ತವೆ. ಜಾತಿ ಬೆರೆತರೆ ಕಾಳು ಕೆಡುತ್ತದೆ. ‘ಸಾರು ಹತ್ತಿದ ಹಾಳಿಗೆ ರೇಟ್ ಇಲ್ರಿ, ತೊಳದದ್ದಿದ್ರ ಹೇಳ್ರಿ’ ಎಂದು ಅವರು ಹೇಳಿದ ಒಂದು ಮಾತಿನಲ್ಲಿ ಇಡೀ ವಿಷಯದ ತಿರುಳಿದೆ ಎಂದು ನನಗೆ ಅನಿಸಿತು. ಹಾಲಿನ ಪಾಕೀಟನ್ನು ಕತ್ತರಿಸುವಾಗ ಮೂಲೆಯನ್ನು ಪೂರ್ತಿ ತೆಗೆಯದೆ ತುಸು ಅಂಟಿಸಿಯೇ ಬಿಟ್ಟು, ತೊಳೆದು ಒಣಗಿಸಿಟ್ಟರೆ ಆ ಚೂರೂ ಕಳೆಯುವುದಿಲ್ಲ. ನಮ್ಮ ಮನೆಯಲ್ಲಿ ಅಂದಿನಿಂದ ಹಾಗೆಯೇ ಮಾಡುತ್ತೇವೆ.

ಆ ಹೆಣ್ಣುಮಗಳು ಕೈಯಲ್ಲಿ ಮುಟ್ಟದೆ ಬದಿಗೆ ಗುಡಿಸಿದ ರಾಶಿಯೊಂದಿತ್ತು. ಒಳಗೆ ಬೆಳ್ಳಿಯಂತೆ ಹೊಳೆಯುವ ಶಾಂಪೂ, ಚಿಪ್ಸ್, ಬಿಸ್ಕಿಟ್, ಪಾನ್ ಮಸಾಲಾ ಪಾಕೀಟುಗಳ ರಾಶಿ. ಇವುಗಳಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರುಗಳು ಅಂಟಿಕೊಂಡಿರುವುದರಿಂದ ಸಾಮಾನ್ಯ ಮರುಬಳಕೆಗೆ ಒಗ್ಗುವುದಿಲ್ಲ. ಗುಟ್ಖಾದ ಕಥೆ ಇದಕ್ಕೆ ತಕ್ಕ ಉದಾಹರಣೆ. 2010ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಗುಟ್ಖಾವನ್ನು ಪ್ಲಾಸ್ಟಿಕ್ ಪಾಕೀಟಿನಲ್ಲಿ ಮಾರುವುದನ್ನು 2011ರ ಮಾರ್ಚ್‌ನಿಂದ ನಿಲ್ಲಿಸಲು ಹೇಳಿತು. 2013ರ ಮೇ ಕೊನೆಯಲ್ಲಿ ಕರ್ನಾಟಕ ಗುಟ್ಖಾವನ್ನೇ ನಿಷೇಧಿಸಿತು. ಆ ಬಳಿಕ ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟು ಆಗಿ ಪಾನ್ ಅಂಗಡಿಯಲ್ಲಿ ಜೋಡಿಯಾಗಿ ತೂಗಾಡತೊಡಗಿದವು. ಒಂದು ಎಸೆಯುತ್ತಿದ್ದವರು ಎರಡು ಎಸೆಯುವಂತಾಯಿತು. ಇಂಥ ಪದರಿನ ಪ್ಲಾಸ್ಟಿಕ್ಕಿಗೆ ಸದ್ಯ ಇರುವ ಮುಖ್ಯ ದಾರಿಯೆಂದರೆ 1,400 ಡಿಗ್ರಿ ಸೆಲ್ಸಿಯಸ್ ದಾಟುವ ಸಿಮೆಂಟ್ ಕುಲುಮೆಗಳಲ್ಲಿ ಇಂಧನವಾಗಿ ಉರಿಸುವುದು. ಸುಣ್ಣಕಲ್ಲಿನ ನೆಲವಾದ ನಮ್ಮ ಜಿಲ್ಲೆಯಲ್ಲಿ ಸಿಮೆಂಟ್ ಕಾರ್ಖಾನೆಗಳೇನೋ ಇವೆ. ಆದರೆ ಪ್ರತಿ ಮನೆಯ ಶಾಂಪೂ ಪಾಕೀಟನ್ನು ಒಣಗಿಸಿ, ಕೂಡಿಸಿ, ಒತ್ತಿ ಕಟ್ಟಿ ಕುಲುಮೆಯ ಬಾಗಿಲವರೆಗೆ ಒಯ್ಯುವವರು ಬೇಕು. ಆ ಖರ್ಚಿನ ಹೊಣೆ ಪಾಕೀಟು ಮಾಡಿ ಮಾರುವ ಕಂಪನಿಗಳದ್ದು ಎಂದು 2016ರ ನಿಯಮ ಹೇಳಿತು, 2022ರ ಫೆಬ್ರವರಿಯ ಮಾರ್ಗಸೂಚಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಹೊಣೆ ಕಾಗದದ ಮೇಲೆ ಸ್ಪಷ್ಟವಾಗಿದೆ. ಹಳ್ಳಿಯ ಪಾನ್ ಅಂಗಡಿಯ ಮುಂದಿನ ಗಟಾರದವರೆಗೆ ಅದು ಇನ್ನೂ ಇಳಿದು ಬರಬೇಕಾಗಿದೆ.

ಹಸಿಕಸ, ಒಣಕಸ, ಅಪಾಯಕಾರಿ ಕಸ ಎಂದು ಮೂರು ಭಾಗ ಮಾಡಿ ಕೊಡುವುದು ಪ್ರತಿ ಮನೆಯ ಕರ್ತವ್ಯವೆಂದು 2016ರ ಏಪ್ರಿಲ್‌ನಲ್ಲಿ ಬಂದ ಘನತ್ಯಾಜ್ಯ ನಿಯಮ ಹೇಳಿತು. ನನ್ನ ಎಣಿಕೆಯಲ್ಲಿ ಇಡೀ ಕಾನೂನುಗಳ ಸಾಲಿನಲ್ಲಿ ಹೆಚ್ಚು ಬೆಲೆಯುಳ್ಳ ವಾಕ್ಯ ಅದೇ, ಹೆಚ್ಚು ಸುಲಭವಾಗಿ ಮುರಿದು ಬೀಳುವುದೂ ಅದೇ. ನಾನು ಹಿಂದೆ ವಾಸವಿದ್ದ ಊರೊಂದರಲ್ಲಿ ಎರಡು ವರ್ಷ ಎರಡು ಬುಟ್ಟಿ ಇಟ್ಟು ಕಸ ಬೇರ್ಪಡಿಸಿ ಕೊಡುತ್ತಿದ್ದೆವು. ಗಾಡಿಯಲ್ಲಿದ್ದದ್ದು ಒಂದೇ ಡಬ್ಬ. ನಮ್ಮ ಕಣ್ಣೆದುರಿಗೇ ಎರಡೂ ಒಂದಾಗುತ್ತಿದ್ದವು. ಗಾಡಿಯ ಜೊತೆಗಿದ್ದ ಹುಡುಗ ನಾಚಿಕೆಯಿಂದ ಮುಖ ತಿರುಗಿಸುತ್ತಿದ್ದ. ನೂರಾರು ಮನೆಗಳನ್ನು ಬಿಸಿಲೇರುವ ಮೊದಲು ಮುಗಿಸಬೇಕಾದ ಅವನ ಮೇಲೆ ಸಿಟ್ಟಾಗಲು ನಮಗೆ ಮನಸ್ಸಾಗಲಿಲ್ಲ. ಬೇರ್ಪಡಿಸುವುದು ಅಡುಗೆಮನೆಯಲ್ಲಿ ಆರಂಭವಾದರೂ ಅಲ್ಲಿಗೆ ಮುಗಿಯುವುದಿಲ್ಲ. ಗಾಡಿಯೊಳಗೊಂದು ತಗಡಿನ ಅಡ್ಡಗೋಡೆ ಇಲ್ಲದಿದ್ದರೆ ಮನೆಯವರ ಎಲ್ಲ ಶ್ರಮವೂ ಓಣಿಯ ತಿರುವಿನಲ್ಲಿ ವ್ಯರ್ಥ.

ಈ ವಿಷಯದಲ್ಲಿ ಕೆಲವು ಹಳ್ಳಿಗಳು ಪಟ್ಟಣಗಳಿಗಿಂತ ಮುಂದಿವೆ. ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ‘ಸ್ವಚ್ಛ ಸಂಕೀರ್ಣ’ ಎಂಬ ಘಟಕಗಳನ್ನು ಕಟ್ಟಿ, ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಚಾಲನೆ ಕಲಿಸಿ ‘ಸ್ವಚ್ಛ ವಾಹಿನಿ’ ಗಾಡಿಗಳನ್ನು ಅವರ ಕೈಗೆ ಕೊಡಲಾಗಿದೆ. ಓಣಿಯವರೆಲ್ಲ ಗುರುತಿನವರಾದ್ದರಿಂದ ಬೆರೆಸಿ ತಂದ ಕಸವನ್ನು ‘ಯವ್ವಾ, ಬ್ಯಾರೆ ಮಾಡಿ ಕೊಡ’ ಎಂದು ಮರಳಿಸುವ ಸಲುಗೆ ಅವರಿಗಿದೆ.

ಪಟ್ಟಣದ ಹಸಿಕಸವನ್ನು ಮತ್ತೆ ಹೊಲಕ್ಕೆ ಕಳಿಸುವ ಯತ್ನವೂ ನಡೆದಿದೆ. ನಗರದ ಕಾಂಪೋಸ್ಟ್ ಗೊಬ್ಬರಕ್ಕೆ ಟನ್ನಿಗೆ 1,500 ರೂಪಾಯಿ ನೆರವು ಕೊಡುವ ಯೋಜನೆಯನ್ನು ಕೇಂದ್ರ 2016ರಲ್ಲಿ ತಂದಿತು. ಅಂಥ ಗೊಬ್ಬರದ ಶೇ 90ರಷ್ಟು 4 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕೆಂಬ ಗುಣಮಟ್ಟವೂ ಇದೆ. ಬೀಳಗಿಯ ಕಡೆ ಹೊಲವಿರುವ ನಮ್ಮ ಕಾಕಾ ಒಮ್ಮೆ ಯಾವುದೋ ಊರಿನಿಂದ ಅಂಥ ಗೊಬ್ಬರವನ್ನು ಟ್ರ್ಯಾಕ್ಟರಿನಲ್ಲಿ ತರಿಸಿದ್ದರು. ನಾನು ಹೋದಾಗ ಒಂದು ಹಿಡಿ ತೆಗೆದು ಅಂಗೈ ಮೇಲೆ ಉಜ್ಜಿ ತೋರಿಸಿದರು. ಗೊಬ್ಬರ ಕಪ್ಪಗೆ, ಹುಡಿಹುಡಿಯಾಗಿ ಚೆನ್ನಾಗಿಯೇ ಇತ್ತು; ಅದರ ನಡುವೆ ಬೆಳ್ಳಿಯ ಬಣ್ಣದ, ಉಗುರಿನಷ್ಟು ಅಗಲದ ನಾಲ್ಕಾರು ಚೂರುಗಳು ಹೊಳೆಯುತ್ತಿದ್ದವು. ಕಾಕಾ ಮತ್ತೆ ಆ ಗೊಬ್ಬರ ತರಿಸಲಿಲ್ಲ.

ಈಗ ಅವರ ಮನೆಯ ಹಿಂದೆ ತಿಪ್ಪೆ ಮತ್ತೆ ಎದ್ದಿದೆ, ಅದರೊಳಗೆ ಒಂದು ಹಾಳಿಯೂ ಬೀಳದಂತೆ ಕಾಕಿ ಕಾಯುತ್ತಾಳೆ. ಅಡುಗೆಮನೆಯ ಬಾಗಿಲ ಮೊಳೆಗೆ ಎರಡು ಅಕ್ಕಿಚೀಲ ತೂಗುಹಾಕಿದ್ದಾಳೆ. ಮೊದಲನೆಯದರಲ್ಲಿ ತೊಳೆದ ಹಾಲಿನ ಪಾಕೀಟು, ಬಾಟಲಿ. ಅದು ತುಂಬಿದಾಗೊಮ್ಮೆ ಗಾಡಿಯವರು ಖುಷಿಯಿಂದ ಒಯ್ಯುತ್ತಾರೆ. ಎರಡನೆಯದರಲ್ಲಿ ಬೆಳ್ಳಿಬಣ್ಣದ ಪಾಕೀಟುಗಳು. ಅದನ್ನು ಮುಂದಿನ ಸಲ ಒಯ್ಯುತ್ತೇವೆ ಎಂದು ಹೇಳಿ ಹೋಗಿದ್ದಾರೆ. ಯುಗಾದಿಗೆ ಹೋದಾಗ ಆ ಚೀಲ ತುಂಬಿ, ಬಾಯಿ ಕಟ್ಟಿ, ಅದೇ ಮೊಳೆಯಲ್ಲಿತ್ತು.