ಆಪರೇಷನ್ ಮುಂದಕ್ಕೆ ಹೋದ ದಿನ

ಶಿಡ್ಲಘಟ್ಟದ ಹತ್ತಿರ ನಮ್ಮ ದೊಡ್ಡಮ್ಮನ ಮನೆ. ಆ ತಿಂಗಳು ಅವರು ರೇಷ್ಮೆ ಹುಳ ತಂದಿರಲಿಲ್ಲ. ಎದೆ ಕ್ಯಾನ್ಸರ್ ಆಪರೇಷನ್‌ಗೆ ಡೇಟ್ ಸಿಕ್ಕಿತ್ತು. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತಿಗೆ ಮನೆಯಲ್ಲಿ ಯಾರೂ ಇರುವುದಿಲ್ಲ ಅಂತ ಒಂದು ಬೆಳೆಯನ್ನೇ ಬಿಟ್ಟರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಹಿಂದಿನ ರಾತ್ರಿಯಿಂದ ಊಟವಿಲ್ಲ. ಬೆಳಗ್ಗೆಯೇ ಬಳೆ, ಓಲೆ ಬಿಚ್ಚಿ ಅಕ್ಕನ ಕೈಗೆ ಕೊಟ್ಟು ಕಾಯುತ್ತಿದ್ದರು. ಮಧ್ಯಾಹ್ನ 2 ಗಂಟೆಗೆ ನರ್ಸ್ ಬಂದು, "ಎಮರ್ಜೆನ್ಸಿ ಕೇಸ್ ಬಂದಿದೆಯಮ್ಮ, ಇವತ್ತು ಆಗಲ್ಲ. ಡೇಟ್ ಆಮೇಲೆ ಹೇಳ್ತಾರೆ" ಅಂದರು.

ದೊಡ್ಡಮ್ಮ ಅಳಲಿಲ್ಲ. "ಹುಳ ತಂದಿದ್ರೆ ಇವತ್ತಿಗೆ ಚಂದ್ರಂಕಿಗೆ ಬಿಡಬೋದಿತ್ತು" ಅಂದರು, ಅಷ್ಟೇ. ಚಂದ್ರಂಕಿ ಅಂದರೆ ಹಣ್ಣಾದ ಹುಳ ಗೂಡು ಕಟ್ಟುವ ತಟ್ಟೆ. ಊರಿಗೆ ಬಂದ ಮೇಲೆ ಮೂರು ರಾತ್ರಿ ನಿದ್ದೆ ಮಾಡಲಿಲ್ಲ.

ಇದು ಮನಸ್ಸಿನ ಬಲ ಕಮ್ಮಿಯಾಗಿ ಆಗುವುದಲ್ಲ. ಆಪರೇಷನ್ ಹತ್ತಿರ ಬಂದಂತೆ ಮೈ ತಾನೇ ಸಜ್ಜಾಗುತ್ತದೆ. ಮೂತ್ರಪಿಂಡಗಳ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್, ಕಾರ್ಟಿಸಾಲ್ ಬಿಡುತ್ತವೆ. ಎದೆ ಬಡಿತ, ಬಿಪಿ, ಶುಗರ್ ಏರುತ್ತವೆ. "ಇವತ್ತು ಇಲ್ಲ" ಅಂದ ಕೂಡಲೇ ಇದೆಲ್ಲ ಇಳಿದುಬಿಡುವುದಿಲ್ಲ. ಅದರ ಮೇಲೆ, ಮುಂದೆ ಯಾವತ್ತು ಅನ್ನುವುದೂ ಗೊತ್ತಿಲ್ಲ.

ಆ ಗೊತ್ತಿಲ್ಲದಿರುವುದೇ ಜಾಸ್ತಿ ಸುಡುತ್ತದೆ. 2016ರಲ್ಲಿ ಲಂಡನ್ನಿನ ವಿಜ್ಞಾನಿಗಳು 45 ಜನರಿಗೆ ಒಂದು ಕಂಪ್ಯೂಟರ್ ಆಟ ಆಡಿಸಿದರು. ಕಲ್ಲಿನ ಕೆಳಗೆ ಹಾವಿದೆಯಾ ಅಂತ ಊಹಿಸಬೇಕು. ಹಾವಿದ್ದರೆ ಕೈಗೆ ಸಣ್ಣ ಶಾಕ್. ಅವರ ಬೆವರು, ಕಣ್ಣಿನ ಪಾಪೆ ಎರಡನ್ನೂ ಅಳೆದರು. ಶಾಕ್ ಖಂಡಿತ ಅಂತ ಗೊತ್ತಿದ್ದಾಗಿನದಕ್ಕಿಂತ, ಬರಬಹುದು ಬರದೇ ಇರಬಹುದು, ಅರ್ಧಕ್ಕರ್ಧ ಅನ್ನುವಾಗಲೇ ಆತಂಕ ಎಲ್ಲಕ್ಕಿಂತ ಹೆಚ್ಚಿತ್ತು.

ದೊಡ್ಡಮ್ಮನ ಭಯ ಇನ್ನೊಂದು: "ಗಡ್ಡೆ ದಿನಾ ಬೆಳೀತಿರುತ್ತಲ್ವಾ?" ಇದಕ್ಕೆ ಸುಮ್ನೆ ಸಮಾಧಾನ ಹೇಳಬಾರದು, ನಿಜ ಹೇಳಬೇಕು. ಒಂದು ಕ್ಯಾನ್ಸರ್ ಜೀವಕೋಶ 1 ಸೆಂಟಿಮೀಟರ್ ಗಡ್ಡೆಯಾಗಲು ಸುಮಾರು 30 ಸಲ ಇಮ್ಮಡಿಯಾಗಬೇಕು. ಎದೆಯ ಬಹುಪಾಲು ಗಡ್ಡೆಗಳಲ್ಲಿ ಒಂದೊಂದು ಇಮ್ಮಡಿಗೂ ವಾರಗಟ್ಟಲೆ, ಎಷ್ಟೋ ಸಲ ತಿಂಗಳುಗಟ್ಟಲೆ ಬೇಕು. ಹಾಗಾಗಿ ಕೆಲವು ದಿನ ತಡವಾದರೆ ಸಾಮಾನ್ಯವಾಗಿ ಕೈಮೀರುವುದಿಲ್ಲ. ಆದರೆ ತಿಂಗಳಾದರೆ ಲೆಕ್ಕ ಬೇರೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿ 2020ರಲ್ಲಿ ಪ್ರಕಟವಾದ ವರದಿಯೊಂದರಲ್ಲಿ, ಆಪರೇಷನ್ ನಾಲ್ಕು ವಾರ ತಡವಾದರೆ ಸಾವಿನ ಅಪಾಯ ಶೇ. 6ರಿಂದ 8ರಷ್ಟು ಏರುತ್ತದೆ ಎಂದು ಕಂಡುಬಂತು. ಅದಕ್ಕೇ ಹೊಸ ಡೇಟ್ ಬೆನ್ನು ಬಿಡಬಾರದು. ಕೇಳುವುದು ಜಗಳವಲ್ಲ, ನಮ್ಮ ಹಕ್ಕು.

ಅಕ್ಕ ಮಾರನೇ ದಿನವೇ ಫೋನ್ ಮಾಡಿದಳು. ಯಾಕೆ ಮುಂದಕ್ಕೆ ಹೋಯಿತು, ಎಷ್ಟು ದಿನದೊಳಗೆ ಆಗುತ್ತದೆ, ಯಾರನ್ನು ಕೇಳಬೇಕು, ನಿಲ್ಲಿಸಿದ್ದ ಮಾತ್ರೆ ಮತ್ತೆ ಶುರು ಮಾಡಬೇಕಾ ಅಂತ ಕೇಳಿ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಳು. "ಹತ್ತು ದಿನದೊಳಗೆ" ಅನ್ನುವ ಮಾತು ಸಿಕ್ಕ ರಾತ್ರಿ ದೊಡ್ಡಮ್ಮ ಸ್ವಲ್ಪ ಮಲಗಿದರು.

ಬಂದ ನೆಂಟರು ಮಾತ್ರ "ಆಗಿದ್ದೆಲ್ಲ ಒಳ್ಳೇದಕ್ಕೇ ಬಿಡಿ" ಅನ್ನುತ್ತಿದ್ದರು. ಪ್ರೀತಿಯಿಂದಲೇ ಅಂದಿದ್ದು, ನಿಜ. ಆದರೆ ಅದರಿಂದ ದೊಡ್ಡಮ್ಮನ ಬಾಯಿ ಕಟ್ಟಿಹೋಗುತ್ತಿತ್ತು. ಒಂದು ಸಂಜೆ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆಯುವಾಗ, "ಸಿಟ್ಟು ಬಂದಿದೆಯಾ ದೊಡ್ಡಮ್ಮ?" ಅಂದೆ. "ಬರದೇ ಇರುತ್ತಾ?" ಅಂದವರೇ ಅತ್ತರು. ಭಾವನೆಗೆ ಹೆಸರಿಟ್ಟು ಹೇಳಿದಾಗ, ಭಯಕ್ಕೆ ಎಚ್ಚರಗೊಳ್ಳುವ ಮೆದುಳಿನ ಅಮಿಗ್ಡಲಾ ಅನ್ನುವ ಭಾಗದ ಚಟುವಟಿಕೆ ಇಳಿಯುವುದನ್ನು ಸ್ಕ್ಯಾನ್‌ಗಳಲ್ಲಿ ನೋಡಿದ್ದಾರೆ. ಮನೆಯವರ ಹತ್ತಿರ ಹೇಳಿಕೊಳ್ಳಲಾಗದವರು 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಎಂಟನೇ ದಿನ ಫೋನ್ ಬಂತು, ಮಂಗಳವಾರ ಬನ್ನಿ ಅಂತ. ಆಸ್ಪತ್ರೆಯಲ್ಲಿ ಎಷ್ಟು ದಿನ ಇರಬೇಕಾಗುತ್ತೆ ಅಂತ ಕೇಳಿದ ದೊಡ್ಡಮ್ಮ ಬೆರಳಲ್ಲಿ ಲೆಕ್ಕ ಹಾಕಿದರು. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, "ಚಾಕಿ ಸೆಂಟರಿಗೆ ಈಗಲೇ ಹೇಳಿಡಿ, ಮುಂದಿನ ತಿಂಗಳಿಗೆ ಹುಳ ಬೇಕು ಅಂತ" ಅಂದರು.