ಕಣ್ಣಿಗೆ ಬೀಳುವ ಬೆಳಕಿನ ಬಿಲ್ಲೆ: ಪುಟ್ಟ ಬೈನಾಕ್ಯುಲರ್ ಆರಿಸುವ ಮುಂಚೆ

ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ. ಡಿಸೆಂಬರ್ ತಿಂಗಳ ಬೆಳಿಗ್ಗೆ, ಸೂರ್ಯ ಹುಟ್ಟೋಕೆ ಇನ್ನೂ ಸ್ವಲ್ಪ ಹೊತ್ತಿತ್ತು. ನೀರಿನಾಚೆ ಮರದ ಮೇಲೆ ಏನೋ ದೊಡ್ಡದು ಕೂತಿತ್ತು. ಗೆಳೆಯನ ಕೈಯಲ್ಲಿ 10×25 ಬೈನಾಕ್ಯುಲರ್, ನನ್ನ ಕೈಯಲ್ಲಿ 8×32. ಅವನಿಗೆ ಕಂಡದ್ದು ಒಂದು ಕಪ್ಪು ಮುದ್ದೆ. ನನಗೆ ಉದ್ದನೆಯ ಕೊಕ್ಕು, ಅದರ ಕೆಳಗೆ ಜೋತುಬಿದ್ದ ಚೀಲ ಕಂಡಿತು. ಹೆಜ್ಜಾರ್ಲೆ! ಬೈನಾಕ್ಯುಲರ್ ಬದಲಾಯಿಸಿಕೊಂಡೆವು. ಈಗ ನನಗೆ ಮುದ್ದೆ, ಅವನಿಗೆ ಹಕ್ಕಿ.

ಎರಡು ಗಂಟೆ ಕಳೆದ ಮೇಲೆ, ಬಿಸಿಲು ಚೆನ್ನಾಗಿ ಏರಿದಾಗ, ಮತ್ತೆ ಅದಲುಬದಲು ಮಾಡಿ ನೋಡಿದೆವು. ಬೆಳಕಿನಲ್ಲಿ ಒಂದಿಷ್ಟೂ ವ್ಯತ್ಯಾಸವಿಲ್ಲ. ಎರಡರಲ್ಲೂ ಅದೇ ಬೆಳ್ಳನೆ ಹಕ್ಕಿ, ಅದೇ ಹೊಳಪು. ಯಾಕೆ ಹೀಗೆ?

ಬೈನಾಕ್ಯುಲರ್ ಮೇಲೆ ಬರೆದಿರುವ ಎರಡು ಅಂಕಿಗಳಲ್ಲಿ ಮೊದಲನೆಯದು ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅಂತ. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಮೂರನೆಯ ಅಂಕಿಯೊಂದು ಸಿಗುತ್ತದೆ. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ. ಬೈನಾಕ್ಯುಲರನ್ನು ತೋಳುದ್ದ ದೂರದಲ್ಲಿ ಹಿಡಿದು, ಬೆಳ್ಳಗಿರುವ ಆಕಾಶದ ಕಡೆ ತಿರುಗಿಸಿ ನೋಡಿ. ಕಣ್ಣಿಡುವ ಗಾಜಿನ ನಡುವೆ ಪುಟ್ಟ ಬೆಳಕಿನ ಬಿಲ್ಲೆ ಕಾಣುತ್ತದೆ. ಆ ಬಿಲ್ಲೆಯ ಅಗಲವೇ ಈ ಮೂರನೆಯ ಅಂಕಿ. 10×25ರಲ್ಲಿ ಅದು 2.5 ಮಿಲಿಮೀಟರ್. 8×25ರಲ್ಲಿ 3ಕ್ಕಿಂತ ಚೂರು ಜಾಸ್ತಿ. 8×32ರಲ್ಲಿ 4. ದೊಡ್ಡ 8×42ರಲ್ಲಿ 5ಕ್ಕೂ ಮೇಲೆ.

ಕಣ್ಣಿನೊಳಗೆ ಹೋಗುವುದು ಈ ಬಿಲ್ಲೆಯಷ್ಟು ಬೆಳಕು ಮಾತ್ರ. ನಮ್ಮ ಕಣ್ಣಪಾಪೆ ನಡುಮಧ್ಯಾಹ್ನದ ಬಿಸಿಲಲ್ಲಿ 2ರಿಂದ 3 ಮಿಲಿಮೀಟರಿಗೆ ಕುಗ್ಗಿರುತ್ತದೆ. ಆಗ 5 ಮಿಲಿಮೀಟರ್ ಬಿಲ್ಲೆ ಕೊಟ್ಟರೂ ಹೆಚ್ಚಿನ ಬೆಳಕು ಪಾಪೆಯ ಅಂಚಿಗೆ ತಾಗಿ ಹೊರಗೇ ಉಳಿಯುತ್ತದೆ. ಅದಕ್ಕೇ ಬಿಸಿಲಲ್ಲಿ ಚಿಕ್ಕದೂ ದೊಡ್ಡದೂ ಒಂದೇ ಥರ ಕಂಡಿದ್ದು. ಮಬ್ಬು ಬೆಳಕಿನಲ್ಲಿ ಪಾಪೆ 5 ಮಿಲಿಮೀಟರಿನಷ್ಟು ಅರಳುತ್ತದೆ, ಎಳೆ ಕಣ್ಣಾದರೆ ಕತ್ತಲಲ್ಲಿ 7ರ ತನಕವೂ ಹೋಗುತ್ತದೆ. ಆಗ 2.5 ಮಿಲಿಮೀಟರ್ ಬಿಲ್ಲೆ ಸಾಲದು. ಬಿಲ್ಲೆಯ ವಿಸ್ತೀರ್ಣ ಲೆಕ್ಕ ಹಾಕಿದರೆ, ಆ ಬೆಳಿಗ್ಗೆ ನನ್ನ ಕಣ್ಣಿಗೆ ಗೆಳೆಯನಿಗಿಂತ ಎರಡೂವರೆ ಪಟ್ಟು ಬೆಳಕು ಬೀಳುತ್ತಿತ್ತು.

ಹಾಗಾದರೆ ಪುಟ್ಟ ಬೈನಾಕ್ಯುಲರ್ ಬೇಡವೇ? ಖಂಡಿತ ಬೇಕು. ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ, ಬಯಲಲ್ಲಿ, ಕೆರೆ ದಂಡೆಯಲ್ಲಿ, ಬೆಟ್ಟದ ತುದಿಯಲ್ಲಿ ನೋಡುವವರಿಗೆ 8×25 ಚೆನ್ನಾಗಿ ಒದಗುತ್ತದೆ. ಸುಮಾರು 300 ಗ್ರಾಂ ತೂಕ, ಜೇಬಿಗೆ ಹೋಗುತ್ತದೆ. 8×42 ಅದರ ಎರಡು ಪಟ್ಟಿಗಿಂತ ಜಾಸ್ತಿ ತೂಗುತ್ತದೆ. ಕುದುರೆಮುಖ ಹತ್ತುವ ದಿನ ಅದು ಎಷ್ಟೋ ಸಲ ಮನೆಯಲ್ಲೇ ಉಳಿದುಬಿಡುತ್ತದೆ. ಆದರೆ ಮಲೆನಾಡಿನ ಕಾಡೊಳಗೆ, ಹಗಲಲ್ಲೂ ನೆರಳು ಕವಿದಿರುವ ಕಡೆ ಮಂಗಟ್ಟೆ ಹುಡುಕುವವರು 8×32ಕ್ಕೆ ಹೋಗುವುದು ಒಳ್ಳೆಯದು. ಸ್ವಲ್ಪ ಭಾರ, ಆದರೆ ಕೊಟ್ಟ ಕಾಸಿಗೆ ಮೋಸವಿಲ್ಲ.

10 ಪಟ್ಟು ಅಂದರೆ 8ಕ್ಕಿಂತ ಮೇಲು ಅಂತ ಅಂದುಕೊಳ್ಳುವುದು ಸಹಜ. ಪುಟ್ಟ ಬೈನಾಕ್ಯುಲರಿನಲ್ಲಿ ಅದು ತಿರುಗುಮುರುಗು. ಹಕ್ಕಿಯ ಜೊತೆ ಕೈನಡುಕವೂ ಹತ್ತು ಪಟ್ಟು ದೊಡ್ಡದಾಗುತ್ತದೆ. ಹಗುರವಾದ ವಸ್ತು ಕೈಯಲ್ಲಿ ಇನ್ನೂ ಜಾಸ್ತಿ ಅಲುಗುತ್ತದೆ. ಬಿಲ್ಲೆ ಚಿಕ್ಕದಾದಷ್ಟೂ ಅದನ್ನು ಪಾಪೆಗೆ ಸರಿಯಾಗಿ ಕೂಡಿಸುವುದೂ ಕಷ್ಟ. ರಂಗನತಿಟ್ಟಿನಲ್ಲಿ ದೋಣಿ ಮೇಲೆ ಕೂತು ನೋಡಿದವರಿಗೆ ಇದು ಗೊತ್ತು: ದೋಣಿ ಒಂಚೂರು ಓಲಾಡಿದರೆ ಸಾಕು, ಚಿತ್ರ ಹೋಗಿ ಕಪ್ಪು ನೆರಳು ಬರುತ್ತದೆ. ಎಲ್ಲಕ್ಕಿಂತ ಮೇಲಾಗಿ, ಪಟ್ಟು ಹೆಚ್ಚಿದಂತೆ ಸಾಮಾನ್ಯವಾಗಿ ಒಂದೇ ನೋಟಕ್ಕೆ ಕಾಣುವ ಜಾಗ ಕಿರಿದಾಗುತ್ತದೆ. ಮಿಂಚುಳ್ಳಿ ಹಾರಿದರೆ ಹುಡುಕೋದರೊಳಗೆ ಅದು ಎಲ್ಲೋ ಹೋಗಿರುತ್ತದೆ. ಒಳ್ಳೆಯ 8×25ರಲ್ಲಿ ಸಾವಿರ ಮೀಟರ್ ದೂರದಲ್ಲಿ ನೂರು ಮೀಟರಿಗಿಂತ ಅಗಲದ ಜಾಗ ಕಾಣಬೇಕು. ಇದನ್ನು ಬೈನಾಕ್ಯುಲರ್ ಮೇಲೆಯೇ ಎಷ್ಟೋ ಸಲ ಬರೆದಿರುತ್ತಾರೆ, ನೋಡಿಕೊಳ್ಳಿ.

ಒಳಗಿನ ಕಥೆಯೂ ಸ್ವಾರಸ್ಯವಾಗಿದೆ. ಮುಂದಿನ ಗಾಜು ಮೂಡಿಸುವ ಬಿಂಬ ತಲೆಕೆಳಗಾಗಿರುತ್ತದೆ. ಅದನ್ನು ನೆಟ್ಟಗೆ ಮಾಡುವುದು ಒಳಗಿರುವ ಗಾಜಿನ ಪಟ್ಟಕಗಳು. ಇಟಲಿಯ ಇಗ್ನಾಜಿಯೊ ಪೊರೊ 1854ರಲ್ಲಿ ಇಂಥ ಜೋಡಣೆಗೆ ಪೇಟೆಂಟ್ ಪಡೆದ. ಬೆಳಕು ಅದರಲ್ಲಿ ಅಂಕುಡೊಂಕಾಗಿ ಸಾಗುತ್ತದೆ, ಹಳೆಯ ಬೈನಾಕ್ಯುಲರುಗಳ ಭುಜ ಉಬ್ಬಿರುವುದು ಇದರಿಂದಲೇ. ಈಗಿನ ನೇರ ಕೊಳವೆಯಂಥವುಗಳಲ್ಲಿ ಇರುವುದು ರೂಫ್ ಪ್ರಿಸಂ, ಮನೆ ಮಾಡಿನ ಹಾಗೆ ಎರಡು ಮುಖ ಸೇರಿದ ಪಟ್ಟಕ. ಬೆಳಕು ಅಲ್ಲಿ ಎರಡು ಪಾಲಾಗಿ ಮತ್ತೆ ಕೂಡುತ್ತದೆ. ಕೂಡುವಾಗ ಅಲೆಗಳು ಹೆಜ್ಜೆ ತಪ್ಪಿ ಚಿತ್ರದ ಚೂಪು ಮಂಕಾಗುತ್ತದೆ. ಆ ಹೆಜ್ಜೆ ಸರಿಪಡಿಸುವ ತೆಳು ಲೇಪಕ್ಕೆ ಫೇಸ್ ಕೋಟಿಂಗ್ ಅನ್ನುತ್ತಾರೆ. ತೀರಾ ಅಗ್ಗದ ರೂಫ್ ಪ್ರಿಸಂನಲ್ಲಿ ಅದು ಎಷ್ಟೋ ಸಲ ಇರುವುದಿಲ್ಲ. ಹಾಗಾಗಿ ಕಡಿಮೆ ದುಡ್ಡಿನಲ್ಲಿ ಕೊಳ್ಳುವವರಿಗೆ ಪೊರೊ ಜೋಡಣೆಯ ಪುಟ್ಟ ಬೈನಾಕ್ಯುಲರೇ ಎಷ್ಟೋ ಸಲ ಹೆಚ್ಚು ಚೂಪಾದ ಚಿತ್ರ ಕೊಡುತ್ತದೆ.

ಇನ್ನು ಗಾಜಿನ ಮೇಲಿನ ಇನ್ನೊಂದು ಲೇಪ, ಬೆಳಕು ವಾಪಸ್ ಹೋಗದಂತೆ ತಡೆಯುವಂಥದ್ದು. ಲೇಪವಿಲ್ಲದ ಗಾಜಿನ ಪ್ರತಿ ಮೈಯೂ ಸುಮಾರು ನೂರಕ್ಕೆ 4 ಪಾಲು ಬೆಳಕನ್ನು ವಾಪಸ್ ಕಳಿಸುತ್ತದೆ. ಬೈನಾಕ್ಯುಲರಿನಲ್ಲಿ ಇಂಥ ಹತ್ತು ಮೈಗಳಿದ್ದರೆ ಮೂರನೇ ಒಂದು ಪಾಲು ಬೆಳಕು ದಾರಿಯಲ್ಲೇ ಹೋಯಿತು! ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಮುಂದಿನ ಗಾಜನ್ನು ಓರೆ ಮಾಡಿ ನೋಡಿ. ಪ್ರತಿಬಿಂಬ ಹಸಿರೋ ನೇರಳೆಯೋ ಆಗಿ ಮಂಕಾಗಿದ್ದರೆ ಲೇಪ ಇದೆ. ಬೆಳ್ಳಗೆ ಹೊಳೆದರೆ ಇಲ್ಲ. ಮಾಣಿಕ್ಯದ ಹಾಗೆ ಕೆಂಪಗೆ ಹೊಳೆಯುವ ಗಾಜು ಮಾತ್ರ ಕೊಳ್ಳಲೇಬೇಡಿ. ಅದು ಕೆಂಪು ಬೆಳಕನ್ನು ಹೊರಗೇ ಎಸೆಯುತ್ತದೆ, ಹಕ್ಕಿಯ ಬಣ್ಣವೆಲ್ಲ ನೀಲಿ ಹಸಿರಾಗಿ ಕಾಣುತ್ತದೆ.

ಕನ್ನಡಕ ಹಾಕುವವರು ಕನ್ನಡಕದ ಜೊತೆಗೇ ನೋಡಿ ಕೊಳ್ಳಬೇಕು. ಗಾಜಿನಿಂದ ಕಣ್ಣು ಎಷ್ಟು ದೂರವಿದ್ದರೂ ಪೂರ್ತಿ ಚಿತ್ರ ಕಾಣುತ್ತದೆ ಅನ್ನುವ ಅಳತೆಗೆ ಐ ರಿಲೀಫ್ ಅನ್ನುತ್ತಾರೆ, ಅದು 15 ಮಿಲಿಮೀಟರಾದರೂ ಇರಲಿ. ಇಲ್ಲದಿದ್ದರೆ ಬಾಗಿಲ ಸಂದಿಯಿಂದ ಇಣುಕಿದ ಹಾಗಾಗುತ್ತದೆ. ಪುಟ್ಟ ಬೈನಾಕ್ಯುಲರುಗಳಲ್ಲಿ ಎಡವುವುದು ಹೆಚ್ಚಾಗಿ ಇಲ್ಲಿಯೇ.

ನಮ್ಮ ಕಡೆ ಇನ್ನೊಂದು ಶತ್ರುವಿದೆ, ತೇವ. ನನ್ನ ಮೊದಲ ಬೈನಾಕ್ಯುಲರನ್ನು ತೀರ್ಥಹಳ್ಳಿ ಹತ್ತಿರದ ನೆಂಟರ ಮನೆಯಲ್ಲಿ, ಚರ್ಮದ ಚೀಲದೊಳಗೆ, ಮರದ ಬೀರುವಿನಲ್ಲಿ ಇಟ್ಟಿದ್ದೆ. ಮಳೆಗಾಲ ಮುಗಿದ ಮೇಲೆ ತೆಗೆದು ಬೆಳಕಿಗೆ ಹಿಡಿದೆ. ಗಾಜಿನ ಒಳಮೈ ಮೇಲೆ ಜೇಡರ ಬಲೆಯಂಥ ಸಣ್ಣ ಸಣ್ಣ ಎಳೆಗಳು, ಒಂದು ಮೂಲೆಯಿಂದ ಬೇರು ಬಿಟ್ಟ ಹಾಗೆ ಹರಡಿದ್ದವು. ಅದು ಬೂಷ್ಟು. ಅದು ಬಿಡುವ ಆಮ್ಲ ಲೇಪವನ್ನೇ ತಿಂದುಹಾಕಿತ್ತು. ಒರೆಸೋಣವೆಂದರೆ ಅದಿರುವುದು ಒಳಗೆ. ಬಹಳ ಸಂಕಟವಾಯಿತು. ಅಂದಿನಿಂದ ರಬ್ಬರ್ ಉಂಗುರದಿಂದ ಬಿಗಿ ಮಾಡಿ, ಒಳಗೆ ಒಣ ನೈಟ್ರೋಜನ್ ತುಂಬಿದ್ದನ್ನೇ ಕೊಳ್ಳುತ್ತೇನೆ. ಅದರೊಳಗೆ ತೇವವೂ ಹೋಗುವುದಿಲ್ಲ, ಚಳಿಯಲ್ಲಿ ಮಂಜೂ ಕಟ್ಟುವುದಿಲ್ಲ. ಇಡುವುದು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಚರ್ಮದ ಚೀಲದ ಹತ್ತಿರ ಸುಳಿಯುವುದಿಲ್ಲ.

ಕೊಳ್ಳುವ ದಿನ ಅಂಗಡಿಯ ಬಾಗಿಲಿಗೆ ಬನ್ನಿ. ದೂರದ ಮಾಳಿಗೆಯ ಅಂಚನ್ನೋ ವಿದ್ಯುತ್ ತಂತಿಯನ್ನೋ ನೋಡುತ್ತಾ ಬೈನಾಕ್ಯುಲರನ್ನು ಮೆಲ್ಲಗೆ ಕಣ್ಣಿನಿಂದ ದೂರ ಮಾಡಿ. ಎರಡು ಬಿಂಬಗಳಲ್ಲಿ ಆ ಗೆರೆ ಮೇಲೆ ಕೆಳಗೆ ಆದರೆ ಎರಡು ಕೊಳವೆಗಳೂ ಒಂದೇ ಕಡೆ ನೋಡುತ್ತಿಲ್ಲ ಅಂತ ಅರ್ಥ. ಅಂಥದ್ದನ್ನು ಇಟ್ಟುಕೊಂಡರೆ ಹತ್ತು ನಿಮಿಷಕ್ಕೆ ತಲೆನೋವು ಬರುತ್ತದೆ, ವಾಪಸ್ ಕೊಟ್ಟುಬಿಡಿ. ಗೆರೆ ಸರಿಯಾಗಿ ಕೂತರೆ ಮೊದಲು ಎಡಗಣ್ಣಿಗೆ ಮಧ್ಯದ ತಿರುಪು, ಆಮೇಲೆ ಬಲಗಣ್ಣಿಗೆ ಬಲಗಡೆಯ ಚಿಕ್ಕ ಉಂಗುರ ಹೊಂದಿಸಿ. ಈ ಉಂಗುರ ಮುಟ್ಟದೆಯೇ ವರ್ಷಗಟ್ಟಲೆ ಮಂಕು ಚಿತ್ರ ನೋಡಿದವರನ್ನು ನಾನು ಕಂಡಿದ್ದೇನೆ. ಅವರಿಗೆ ಅದನ್ನು ತಿರುಗಿಸಿ ಕೊಟ್ಟಾಗ ಬರುವ ಮೊದಲ ಮಾತು ಯಾವಾಗಲೂ ಒಂದೇ: "ಅಯ್ಯೋ, ಕಣ್ಣಿನ ಸುತ್ತ ಹಳದಿ ಬಳೆ ಇದೆಯಲ್ಲ ಈ ಹಕ್ಕಿಗೆ!"