ಸಿಒಡಿ ಕನ್ಫರ್ಮೇಶನ್: ಪಾರ್ಸೆಲ್ ಹೊರಡುವ ಮುಂಚೆ ಕೇಳಬೇಕಾದ ‘ಹೌದು’

ಆನ್‌ಲೈನ್ ಅಂಗಡಿಯಲ್ಲಿ ‘ಕ್ಯಾಶ್ ಆನ್ ಡೆಲಿವರಿ’ (ಚಿಕ್ಕದಾಗಿ ಸಿಒಡಿ, ಅಂದರೆ ವಸ್ತು ಬಾಗಿಲಿಗೆ ಬಂದಾಗ ದುಡ್ಡು ಕೊಡುವುದು) ಆರಿಸಿ ಆರ್ಡರ್ ಹಾಕುತ್ತೀರಿ. ಸ್ವಲ್ಪ ಹೊತ್ತಿಗೆ ಒಂದು ಫೋನ್ ಬರುತ್ತದೆ, ಇಲ್ಲವೇ ವಾಟ್ಸಾಪ್ ಮೆಸೇಜ್. ‘ನೀವು ಇಂಥ ವಸ್ತು ಆರ್ಡರ್ ಮಾಡಿದ್ದೀರಿ, ಕಳಿಸಬಹುದಾ?’ ಅಂತ ಕೇಳುತ್ತಾರೆ. ಇದನ್ನೇ ಮಾರಾಟಗಾರರು ಸಿಒಡಿ ಕನ್ಫರ್ಮೇಶನ್ ಅನ್ನುತ್ತಾರೆ. ದುಡ್ಡು ಇನ್ನೂ ಕೈಗೆ ಬಂದಿಲ್ಲದ ಆರ್ಡರನ್ನು ಕೊರಿಯರ್‌ಗೆ ಕೊಡುವ ಮೊದಲು, ಕೊಳ್ಳುವವರಿಂದ ಇನ್ನೊಮ್ಮೆ ಒಪ್ಪಿಗೆ ಪಡೆಯುವುದು ಅಂತ ಇದರ ಅರ್ಥ.

ಮೊದಲೇ ದುಡ್ಡು ಕಟ್ಟಿದ ಆರ್ಡರ್‌ಗೆ ಇದು ಬೇಕಾಗುವುದಿಲ್ಲ. ಕಾರ್ಡ್ ನಂಬರ್ ಹಾಕಿ, ಬ್ಯಾಂಕಿನ ಪುಟ ದಾಟಿ ಬಂದವರು ತಮ್ಮ ಮನಸ್ಸನ್ನು ಆಗಲೇ ಹೇಳಿದ್ದಾರೆ. ಸಿಒಡಿಯಲ್ಲಿ ಹಾಗಲ್ಲ. ಬಟನ್ ಒತ್ತುವುದಕ್ಕೆ ಏನೂ ಖರ್ಚಿಲ್ಲ. ರಾತ್ರಿ ಮಲಗುವ ಮುಂಚೆ ಇಷ್ಟವಾಗಿ ಒತ್ತಿದ ಆರ್ಡರ್ ಬೆಳಗ್ಗೆ ಮರೆತೇ ಹೋಗಿರಬಹುದು. ಮಗು ಫೋನ್ ಹಿಡಿದು ಒತ್ತಿರಬಹುದು. ಒಂದೇ ವಸ್ತುವನ್ನು ಎರಡು ಅಂಗಡಿಗಳಲ್ಲಿ ಹಾಕಿ, ಮೊದಲು ಬಂದದ್ದನ್ನು ತೆಗೆದುಕೊಳ್ಳೋಣ ಅಂತ ಕೂತವರೂ ಇರುತ್ತಾರೆ.

ಸಿಒಡಿ ಪದ್ಧತಿ ಇಂಟರ್ನೆಟ್‌ಗಿಂತ ಬಹಳ ಹಳೆಯದು. ಅಮೆರಿಕದ ಅಂಚೆ ಇಲಾಖೆ 1913ರ ಜನವರಿಯಲ್ಲಿ ಪಾರ್ಸೆಲ್ ಸೇವೆ ಶುರು ಮಾಡಿತು, ಅದೇ ವರ್ಷದ ಜುಲೈನಲ್ಲಿ ಸಿಒಡಿಯನ್ನೂ ಸೇರಿಸಿತು. ಆದರೆ ಆಗ ವಸ್ತು ತರಿಸಬೇಕಾದರೆ ಫಾರಂ ತುಂಬಿ, ಸ್ಟಾಂಪ್ ಅಂಟಿಸಿ, ಅಂಚೆಗೆ ಹಾಕಬೇಕಿತ್ತು. ಅಷ್ಟು ಶ್ರಮ ಪಟ್ಟವರಿಗೆ ವಸ್ತು ಬೇಕೇ ಇರುತ್ತಿತ್ತು. ಈಗ ಆ ಶ್ರಮ ಇಲ್ಲ. ಅದು ಮಾಡುತ್ತಿದ್ದ ಕೆಲಸವನ್ನು ಈಗ ಕನ್ಫರ್ಮೇಶನ್ ಮಾಡಬೇಕಾಗಿದೆ.

ಮಾಡದಿದ್ದರೆ ಏನಾಗುತ್ತದೆ? ಪಾರ್ಸೆಲ್ ಹೋಗುತ್ತದೆ, ಬಾಗಿಲಲ್ಲಿ ‘ಬೇಡ’ ಅನ್ನುತ್ತಾರೆ ಅಥವಾ ಬಾಗಿಲೇ ತೆರೆಯುವುದಿಲ್ಲ, ಪಾರ್ಸೆಲ್ ವಾಪಸ್ ಬರುತ್ತದೆ. ಹೀಗೆ ಹೊರಟ ಜಾಗಕ್ಕೇ ಮರಳುವುದಕ್ಕೆ ‘ರಿಟರ್ನ್ ಟು ಒರಿಜಿನ್’, ಚಿಕ್ಕದಾಗಿ ಆರ್‌ಟಿಒ ಅನ್ನುತ್ತಾರೆ. ಇದರ ಲೆಕ್ಕವನ್ನು ಒಮ್ಮೆ ಕೂತು ಮಾಡಿ ನೋಡಬೇಕು. ನೂರು ಪಾರ್ಸೆಲ್ ಕಳಿಸಿದಿರಿ, 20 ವಾಪಸ್ ಬಂದವು ಅಂದುಕೊಳ್ಳಿ. ಹೋದದ್ದಕ್ಕೂ ಬಂದದ್ದಕ್ಕೂ ಬಾಡಿಗೆ ಬಿದ್ದರೆ 40 ಓಡಾಟ ದಂಡ. ಮಾರಾಟವಾದದ್ದು 80. ಅಂದರೆ ನೆಟ್ಟಗೆ ತಲುಪಿದ ಪ್ರತಿ ಎರಡು ಪಾರ್ಸೆಲ್ ಒಂದು ದಂಡದ ಓಡಾಟದ ಭಾರ ಹೊರಬೇಕು. ಆ 20ರಲ್ಲಿ 12 ಜನರ ‘ಬೇಡ’ವನ್ನು ಕಳಿಸುವ ಮುಂಚೆಯೇ ಕೇಳಿಸಿಕೊಂಡಿದ್ದರೆ? ವಾಪಸ್ ಬರುವುದು 8, ದಂಡದ ಓಡಾಟ 16. ಆಗ ಐದು ಪಾರ್ಸೆಲ್‌ಗೆ ಒಂದು ಓಡಾಟದ ಭಾರ. ವಸ್ತು ಅದೇ, ಬೆಲೆ ಅದೇ, ಮಾರಾಟವೂ ಅದೇ 80.

ಬಾಡಿಗೆಯಲ್ಲೇ ನಷ್ಟ ಮುಗಿಯುವುದಿಲ್ಲ. ಪಾರ್ಸೆಲ್ ಹೋಗಿ ಬರುವಷ್ಟು ದಿನ ಆ ವಸ್ತುವನ್ನು ಬೇರೆಯವರಿಗೆ ಮಾರುವ ಹಾಗಿಲ್ಲ. ಬಂದ ಮೇಲೆ ಡಬ್ಬ ನಜ್ಜುಗುಜ್ಜಾಗಿದ್ದರೆ ಹೊಸ ಡಬ್ಬ ಬೇಕು. ಬೇಗ ಕೆಡುವ ವಸ್ತುವಾದರೆ ಬಂದರೂ ಬಾರದಿದ್ದರೂ ಒಂದೇ. ಕೊರಿಯರ್‌ನವರು ವಸೂಲು ಮಾಡಿದ ದುಡ್ಡು ಮಾರಾಟಗಾರರ ಖಾತೆಗೆ ಬರುವುದಕ್ಕೂ ಕೆಲವು ದಿನ ಹಿಡಿಯುತ್ತದೆ. ಸಣ್ಣ ಅಂಗಡಿಗೆ ಎರಡೂ ಕಡೆಯಿಂದ ಕೈ ಕಟ್ಟಿದಂತಾಗುತ್ತದೆ.

ಈಗ ಮುಖ್ಯ ವಿಷಯ. ಕನ್ಫರ್ಮ್ ಅಂದರೆ ಏನನ್ನು ಕನ್ಫರ್ಮ್ ಮಾಡುವುದು? ಅನೇಕರು ‘ಬೇಕಾ, ಬೇಡವಾ’ ಅಂತ ಕೇಳಿ ಫೋನ್ ಇಡುತ್ತಾರೆ. ನನ್ನ ಪ್ರಕಾರ ಅದು ಕೆಲಸದ ಮೂರನೇ ಒಂದು ಭಾಗ ಅಷ್ಟೇ. ವಸ್ತು ಬೇಕು ಅನ್ನುವುದು ಒಂದು. ವಿಳಾಸ ಸರಿಯಾಗಿದೆ ಅನ್ನುವುದು ಇನ್ನೊಂದು. ಪಾರ್ಸೆಲ್ ಬರುವ ಹೊತ್ತಿಗೆ ದುಡ್ಡು ಹಿಡಿದು ತೆಗೆದುಕೊಳ್ಳುವವರು ಅಲ್ಲಿ ಇರುತ್ತಾರೆ ಅನ್ನುವುದು ಮೂರನೆಯದು. ವಸ್ತು ನಿಜವಾಗಲೂ ಬೇಕಿದ್ದವರ ಪಾರ್ಸೆಲ್ ಕೂಡ ವಾಪಸ್ ಬರುವುದು ಉಳಿದೆರಡು ಕಾರಣಗಳಿಗೆ. ಮನೆ ನಂಬರ್ ಹಾಕಿರುವುದಿಲ್ಲ, ಪಿನ್ ಕೋಡ್ ಒಂದು ಅಂಕಿ ತಪ್ಪಿರುತ್ತದೆ, ಆರ್ಡರ್ ಹಾಕಿದವರು ಕೆಲಸಕ್ಕೆ ಹೋಗಿರುತ್ತಾರೆ, ಮನೆಯಲ್ಲಿದ್ದವರಿಗೆ ವಿಷಯವೇ ಗೊತ್ತಿರುವುದಿಲ್ಲ. ‘ನಾವೇನೂ ತರಿಸಿಲ್ಲ’ ಅಂತ ಅವರು ಪ್ರಾಮಾಣಿಕವಾಗಿಯೇ ಹೇಳಿ ಕಳಿಸುತ್ತಾರೆ. ಇಲ್ಲಿ ಯಾರದ್ದೂ ಮೋಸ ಇಲ್ಲ, ಅಲ್ವಾ?

ಆದ್ದರಿಂದ ಓಟಿಪಿ ಒಂದನ್ನೇ ನಂಬಿ ಕೂರಬಾರದು. ಆರ್ಡರ್ ಹಾಕುವಾಗ ಫೋನಿಗೆ ಓಟಿಪಿ ಕಳಿಸಿ ಪರೀಕ್ಷಿಸುವುದು ಒಳ್ಳೆಯದೇ. ಸುಳ್ಳು ನಂಬರ್, ಬೇರೆಯವರ ನಂಬರ್ ಅಲ್ಲೇ ನಿಲ್ಲುತ್ತದೆ. ಆದರೆ ಓಟಿಪಿ ಹೇಳುವುದು ‘ಈ ಫೋನ್ ಈಗ ಇವರ ಕೈಯಲ್ಲಿದೆ’ ಅನ್ನುವುದನ್ನು ಮಾತ್ರ. ವಿಳಾಸದ ಬಗ್ಗೆ, ಬರುವ ವಾರ ಅವರು ಊರಲ್ಲಿ ಇರುತ್ತಾರಾ ಅನ್ನುವುದರ ಬಗ್ಗೆ ಅದು ಏನೂ ಹೇಳುವುದಿಲ್ಲ.

ಕೇಳುವ ದಾರಿಗಳು ಮೂರು ನಾಲ್ಕಿವೆ. ಮನುಷ್ಯರೇ ಫೋನ್ ಮಾಡುವುದು ಹಳೆಯ ದಾರಿ, ಈಗಲೂ ಗಟ್ಟಿ ದಾರಿ. ‘ಒಪ್ಪಿಗೆಗೆ ಒಂದು ಒತ್ತಿ, ರದ್ದು ಮಾಡಲು ಎರಡು ಒತ್ತಿ’ ಅನ್ನುವ ರೆಕಾರ್ಡೆಡ್ ಕರೆ ಇನ್ನೊಂದು. ಆರ್ಡರ್ ಜಾಸ್ತಿ ಇದ್ದಾಗ ಅದು ಅನುಕೂಲ. ಆದರೆ ವಿಳಾಸ ಸರಿಪಡಿಸಲು ಬರುವುದಿಲ್ಲ. ವಾಟ್ಸಾಪ್ ಮೆಸೇಜ್‌ನಲ್ಲಿ ಬಟನ್ ಇಡಬಹುದು, ವಿಳಾಸ ತಪ್ಪಿದ್ದರೆ ಅಲ್ಲೇ ಟೈಪ್ ಮಾಡಿಸಿಕೊಳ್ಳಬಹುದು. ಸಾಫ್ಟ್‌ವೇರ್ ಮೂಲಕ ಕಳಿಸುವುದಾದರೆ ಒಂದು ನಿಯಮ ಗೊತ್ತಿರಲಿ. ಅಂಗಡಿಯವರು ತಾವಾಗಿ ಮಾತು ಶುರು ಮಾಡಬೇಕಾದರೆ ವಾಟ್ಸಾಪ್ ಮೊದಲೇ ಒಪ್ಪಿದ ಟೆಂಪ್ಲೇಟ್, ಅಂದರೆ ಸಿದ್ಧ ಮೆಸೇಜ್ ನಮೂನೆ, ಬಳಸಬೇಕು. ಗ್ರಾಹಕರು ಉತ್ತರ ಕೊಟ್ಟರೆ ಅಲ್ಲಿಂದ 24 ಗಂಟೆ ನಮ್ಮ ಮಾತಲ್ಲೇ ಬರೆಯಬಹುದು. ಅಷ್ಟರೊಳಗೆ ವಿಳಾಸದ ಗೊಂದಲ ಬಗೆಹರಿಸಿಕೊಂಡರೆ ಒಳ್ಳೆಯದು. ಎಸ್‌ಎಂಎಸ್, ಇಮೇಲ್ ಕೂಡ ಇವೆ. ಇಮೇಲನ್ನು ತೆರೆದೇ ನೋಡದವರು ಬಹಳ, ಅದನ್ನು ಮಾತ್ರ ನೆಚ್ಚಿಕೊಳ್ಳುವುದು ಬೇಡ.

ಫೋನಿನಲ್ಲಿ ಮಾತಾಡುವ ರೀತಿ ಬಗ್ಗೆ ಸ್ವಲ್ಪ ಹೇಳಲೇಬೇಕು. ‘ನೀವೇನಾ ಆರ್ಡರ್ ಮಾಡಿದ್ದು? ನಿಜವಾಗಲೂ ತಗೋತೀರಾ?’ ಅಂತ ಶುರು ಮಾಡಿದರೆ ಆ ಕಡೆಯವರಿಗೆ ಅನುಮಾನ ಪಟ್ಟ ಹಾಗೆ ಕೇಳಿಸುತ್ತದೆ. ನೆಟ್ಟಗೆ ಆರ್ಡರ್ ಹಾಕಿದ ಮನುಷ್ಯರಿಗೆ ಇದು ನೋವಾಗುವ ಮಾತು. ಅದರ ಬದಲು ಹೀಗೆ ಹೇಳಬಹುದು: ‘ನಮಸ್ಕಾರ, ಇಂಥ ಅಂಗಡಿಯಿಂದ ಮಾತಾಡ್ತಿದ್ದೀನಿ. ನಿನ್ನೆ ಸಂಜೆ ನೀವು ನೀಲಿ ಬಣ್ಣದ ಬ್ಯಾಗ್ ಆರ್ಡರ್ ಮಾಡಿದ್ರಿ. ಇವತ್ತು ಪ್ಯಾಕ್ ಮಾಡ್ತಿದ್ದೀವಿ. ಡೆಲಿವರಿಯವರಿಗೆ ಮನೆ ಹುಡುಕೋಕೆ ಒಂದು ಗುರುತು ಹೇಳ್ತೀರಾ? ಹಗಲು ಹೊತ್ತಲ್ಲಿ ಮನೇಲಿ ಯಾರಾದರೂ ಇರ್ತಾರಾ?’ ಇಷ್ಟರಲ್ಲಿ ಮೂರೂ ಪ್ರಶ್ನೆಗೆ ಉತ್ತರ ಬಂತು. ವಸ್ತು ಬೇಡದವರು ಈ ಮಾತಿನ ನಡುವೆ ತಾವಾಗಿಯೇ ‘ಬೇಡ ಬಿಡಿ’ ಅನ್ನುತ್ತಾರೆ. ಹಾಗಂದಾಗ ಒತ್ತಾಯ ಮಾಡದೆ ಬಿಡಬೇಕು. ಬಲವಂತದ ಹೌದು ಬಾಗಿಲಲ್ಲಿ ಮತ್ತೆ ‘ಬೇಡ’ ಆಗಿ ಬರುತ್ತದೆ, ಜೊತೆಗೆ ಎರಡು ಕಡೆಯ ಬಾಡಿಗೆ ತರುತ್ತದೆ.

ಇನ್ನೊಂದು ಎಚ್ಚರ ಬೇಕು. ಫೋನ್ ಎತ್ತಿದವರು ಯಾರು ಅಂತ ನಮಗೆ ಗೊತ್ತಿರುವುದಿಲ್ಲ. ಪೂರ್ತಿ ವಿಳಾಸ ನಾವೇ ಓದಿ ಹೇಳುವುದು ಸರಿಯಲ್ಲ. ನಂಬರ್ ತಪ್ಪಿದ್ದರೆ ಒಬ್ಬರ ಮನೆ ವಿಳಾಸವನ್ನು ಇನ್ಯಾರಿಗೋ ಕೊಟ್ಟಂತಾಗುತ್ತದೆ. ಬಡಾವಣೆ ಹೆಸರು ಮಾತ್ರ ಹೇಳಿ, ಮಿಕ್ಕದ್ದನ್ನು ಅವರಿಂದಲೇ ಕೇಳಬೇಕು. ಏನು ತರಿಸಿದ್ದಾರೆ ಅನ್ನುವುದೂ ಖಾಸಗಿ ವಿಷಯ ಆಗಿರಬಹುದು. ಉಡುಗೊರೆ ಅಂತ ಮನೆಯವರಿಗೆ ಹೇಳದೆ ತರಿಸಿರಬಹುದು. ಅಂಥ ವಸ್ತು ಮಾರುವವರು ಮೊದಲು ಹೆಸರು ಕೇಳಿಕೊಂಡು ಆಮೇಲೆ ವಸ್ತುವಿನ ಮಾತೆತ್ತಬೇಕು.

ಎಲ್ಲಕ್ಕಿಂತ ಕಷ್ಟದ್ದು ಉತ್ತರವೇ ಬಾರದ ಆರ್ಡರ್. ಹೌದು ಅಂದರೆ ಕಳಿಸುತ್ತೀರಿ, ಬೇಡ ಅಂದರೆ ರದ್ದು ಮಾಡುತ್ತೀರಿ. ಫೋನೇ ಎತ್ತದಿದ್ದರೆ? ಸುಮ್ನೆ ಕಳಿಸಿಬಿಡುವವರಿದ್ದಾರೆ, ಒಂದೇ ಕರೆಗೆ ರದ್ದು ಮಾಡುವವರಿದ್ದಾರೆ. ಎರಡೂ ಅವಸರದ ಕೆಲಸ. ಗೊತ್ತಿಲ್ಲದ ನಂಬರಿನ ಕರೆ ಎತ್ತದವರು ಈಗ ತುಂಬಾ ಜನ. ಅವರಲ್ಲಿ ಹೆಚ್ಚಿನವರಿಗೆ ವಸ್ತು ಬೇಕಿರಬಹುದು. ಮೇಲಿನ ಲೆಕ್ಕದಲ್ಲೇ ನೋಡಿ: ಫೋನ್ ಎತ್ತಲಿಲ್ಲ ಅಂತ ಆ 80ರಲ್ಲಿ ಆರೇ ಆರು ಆರ್ಡರ್ ರದ್ದು ಮಾಡಿದರೂ ಆರು ಮಾರಾಟ ಹೋಯಿತು. ಉಳಿಸಿದ ಬಾಡಿಗೆಯನ್ನು ಈ ನಷ್ಟ ನುಂಗಿಬಿಡಬಹುದು. ಮೊದಲು ಮೆಸೇಜ್ ಕಳಿಸಿ, ಯಾವ ನಂಬರಿನಿಂದ ಕರೆ ಬರುತ್ತದೆ ಅಂತ ಅದರಲ್ಲೇ ಹೇಳಿ, ಆಮೇಲೆ ಬೇರೆ ಬೇರೆ ಹೊತ್ತಿನಲ್ಲಿ ಎರಡು ಸಲ ಕರೆ ಮಾಡುವುದು ನ್ಯಾಯ. ಆಗಲೂ ಉತ್ತರ ಇಲ್ಲದಿದ್ದರೆ, ಇಂಥ ದಿನದವರೆಗೆ ಕಾಯುತ್ತೇವೆ ಅಂತ ಬರೆದು ತಿಳಿಸಿ ಆಮೇಲೆ ರದ್ದು ಮಾಡಬೇಕು. ಹಿಂದೆ ನಿಮ್ಮಲ್ಲಿ ಕೊಂಡು ದುಡ್ಡು ಕೊಟ್ಟವರಾದರೆ ಉತ್ತರ ಬಾರದಿದ್ದರೂ ಕಳಿಸಿ ಅನ್ನುತ್ತೇನೆ. ನಿಮ್ಮ ಅಂಗಡಿಯ ಮಟ್ಟಿಗೆ ಯಾವುದು ಸರಿ ಅಂತ ತಿಳಿಯಬೇಕಾದರೆ ಹೌದು ಅಂದವರ ಪಾರ್ಸೆಲ್ ಎಷ್ಟು ತಲುಪಿತು, ಉತ್ತರ ಕೊಡದವರದ್ದು ಎಷ್ಟು ತಲುಪಿತು ಅಂತ ಬೇರೆ ಬೇರೆಯಾಗಿ ಬರೆದಿಡಿ. ಒಟ್ಟು ಲೆಕ್ಕ ಇಟ್ಟರೆ ಏನೂ ಕಾಣುವುದಿಲ್ಲ.

ಅಂಗಡಿಯ ಸಾಫ್ಟ್‌ವೇರ್ ಒಳಗೂ ಒಂದು ಗೊಂದಲ ಇದೆ. ಆನ್‌ಲೈನ್ ಅಂಗಡಿ ನಡೆಸಲು ಬಳಸುವ ವೂಕಾಮರ್ಸ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಸಿಒಡಿ ಆರ್ಡರ್ ಬಂದ ಕೂಡಲೇ ತಾನಾಗಿ ‘ಪ್ರೊಸೆಸಿಂಗ್’ ಸ್ಥಿತಿಗೆ ಹೋಗುತ್ತದೆ. ದುಡ್ಡು ಬಂದ ಆರ್ಡರ್ ಕೂಡ ಅಲ್ಲಿಗೇ ಹೋಗುತ್ತದೆ. ಪ್ಯಾಕ್ ಮಾಡುವವರ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಎರಡನ್ನೂ ಪ್ಯಾಕ್ ಮಾಡಿಬಿಡುತ್ತಾರೆ. ಕನ್ಫರ್ಮ್ ಆಗುವವರೆಗೆ ಸಿಒಡಿ ಆರ್ಡರನ್ನು ‘ಆನ್ ಹೋಲ್ಡ್’ನಲ್ಲಿ ಇಡುವುದು ಸುಲಭದ ಪರಿಹಾರ. ಅಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಶಾಪಿಫೈನಲ್ಲಿ ಸಿಒಡಿ ಆರ್ಡರ್‌ಗೆ ‘ಪೇಮೆಂಟ್ ಪೆಂಡಿಂಗ್’ ಅಂತ ಬರುತ್ತದೆ. ಆದರೆ ಕೊಳ್ಳುವವರು ಒಪ್ಪಿದ್ದಾರಾ ಇಲ್ಲವಾ ಅನ್ನುವುದು ಅದರಿಂದ ತಿಳಿಯುವುದಿಲ್ಲ. ಅದಕ್ಕೆ ಒಂದು ಟ್ಯಾಗ್ ಹಾಕಿಕೊಳ್ಳಬೇಕು. ಒಂದೇ ನಂಬರಿನಿಂದ ಕೆಲವೇ ನಿಮಿಷಗಳಲ್ಲಿ ಎರಡು ಆರ್ಡರ್ ಬಂದಿದ್ದರೆ ಪುಟ ಸಿಕ್ಕಿಹಾಕಿಕೊಂಡು ಎರಡು ಸಲ ಒತ್ತಿರುವ ಸಾಧ್ಯತೆ ಜಾಸ್ತಿ. ರದ್ದು ಮಾಡುವ ಮುಂಚೆ ಇದನ್ನೂ ಕೇಳಿಬಿಡಿ, ಕೆಲವರಿಗೆ ನಿಜವಾಗಲೂ ಎರಡು ಬೇಕಿರುತ್ತದೆ.

ಹೌದು ಸಿಕ್ಕಿದ ಮೇಲೆ ತಡ ಮಾಡಬಾರದು. ಇವತ್ತಿನ ಒಪ್ಪಿಗೆ ಹತ್ತು ದಿನ ಬಿಟ್ಟರೆ ಹಳಸುತ್ತದೆ. ಆಸೆ ಇಳಿದಿರುತ್ತದೆ, ಕೈಯಲ್ಲಿದ್ದ ದುಡ್ಡು ಬೇರೆಯದಕ್ಕೆ ಖರ್ಚಾಗಿರುತ್ತದೆ. ಸಾಧ್ಯವಾದರೆ ಕನ್ಫರ್ಮ್ ಆದ ದಿನವೇ ಕೊರಿಯರ್‌ಗೆ ಕೊಟ್ಟು, ಡೆಲಿವರಿಯ ದಿನ ಬೆಳಗ್ಗೆ ‘ಇವತ್ತು ಬರುತ್ತದೆ, ಇಷ್ಟು ಕೊಡಬೇಕು’ ಅಂತ ಮೊತ್ತದ ಸಮೇತ ಮೆಸೇಜ್ ಹಾಕಿ. ಡೆಲಿವರಿ ಆಗದಿದ್ದರೆ ಕೊರಿಯರ್‌ನವರು ಕಾರಣ ಬರೆದು ಕಳಿಸುತ್ತಾರೆ. ಅದಕ್ಕೆ ‘ನಾನ್ ಡೆಲಿವರಿ ರಿಪೋರ್ಟ್’, ಚಿಕ್ಕದಾಗಿ ಎನ್‌ಡಿಆರ್ ಅನ್ನುತ್ತಾರೆ. ಅಲ್ಲಿ ‘ಗ್ರಾಹಕರು ಸಿಗಲಿಲ್ಲ’ ಅಂತ ಇದ್ದರೆ ಅವತ್ತೇ ಗ್ರಾಹಕರಿಗೆ ಫೋನ್ ಮಾಡಿ. ಮುಂದಿನ ಪ್ರಯತ್ನಕ್ಕೆ ಅವಕಾಶ ಇರುವಾಗಲೇ ಇದನ್ನು ಮಾಡಬೇಕು. ಪಾರ್ಸೆಲ್ ಹಿಂದಕ್ಕೆ ಹೊರಟ ಮೇಲೆ ತಡೆಯುವುದು ಕಷ್ಟ.

ಕೆಲವರು ಸಣ್ಣ ಮೊತ್ತವನ್ನು ಮುಂಗಡ ಕೇಳುತ್ತಾರೆ, ಉಳಿದದ್ದು ಬಾಗಿಲಲ್ಲಿ. ದೊಡ್ಡ ಬೆಲೆಯ ವಸ್ತುವಿಗೆ, ಅಳತೆ ಕೊಟ್ಟು ಮಾಡಿಸುವ ವಸ್ತುವಿಗೆ ಇದು ಸರಿಯಾದ ದಾರಿ. ಎಲ್ಲ ಆರ್ಡರ್‌ಗೂ ಹಾಕಿದರೆ ಸಿಒಡಿ ಯಾಕೆ ಆರಿಸಿಕೊಂಡರೋ ಆ ಕಾರಣವೇ ಹೋಗುತ್ತದೆ. ಮುಂಗಡ ತೆಗೆದುಕೊಂಡರೆ ಪಾರ್ಸೆಲ್ ಮೇಲಿನ ವಸೂಲಿ ಮೊತ್ತವನ್ನು ಕಡಿಮೆ ಮಾಡುವುದನ್ನು ಮರೆಯಬೇಡಿ. ಡೆಲಿವರಿಯವರು ಲೇಬಲ್‌ನಲ್ಲಿ ಇದ್ದಷ್ಟೇ ಕೇಳುತ್ತಾರೆ, ಬಾಗಿಲಲ್ಲಿ ಜಗಳವಾಗುತ್ತದೆ.

ಕೊಳ್ಳುವವರಿಗೂ ಎರಡು ಮಾತು. ನಿಜವಾದ ಕನ್ಫರ್ಮೇಶನ್ ಕರೆಯಲ್ಲಿ ಕಾರ್ಡ್ ನಂಬರ್, ಪಿನ್, ಬ್ಯಾಂಕಿನ ಓಟಿಪಿ ಯಾವುದೂ ಬೇಕಾಗುವುದಿಲ್ಲ. ಕೇಳಿದರೆ ಫೋನ್ ಇಟ್ಟುಬಿಡಿ, ಅಂಗಡಿಯ ಸೈಟಿನಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ ವಿಚಾರಿಸಿ. ನೀವು ಹಾಕದ ಆರ್ಡರ್‌ಗೆ ಮೆಸೇಜ್ ಬಂದರೆ, ಅಂಗಡಿ ನಿಮಗೆ ಗೊತ್ತಿರುವುದಾದರೆ ‘ರದ್ದು ಮಾಡಿ’ ಅಂತ ಉತ್ತರಿಸಿ. ಗೊತ್ತಿಲ್ಲದ ಅಂಗಡಿಯಾದರೆ ಲಿಂಕ್ ಒತ್ತಬೇಡಿ. ಮನೆಯಲ್ಲಿ ಎಲ್ಲರಿಗೂ ‘ಹೀಗೊಂದು ಪಾರ್ಸೆಲ್ ಬರಬಹುದು, ದುಡ್ಡು ಕೊಡಬೇಡಿ’ ಅಂತ ಹೇಳಿಡಿ. ನೀವೇ ಹಾಕಿದ ಆರ್ಡರ್ ಈಗ ಬೇಡ ಅನಿಸಿದ್ದರೆ, ಕನ್ಫರ್ಮೇಶನ್ ಕರೆ ಬಂದಾಗಲೇ ಸಂಕೋಚವಿಲ್ಲದೆ ಹೇಳಿಬಿಡಿ. ಅಂಗಡಿಯವರಿಗೆ ಆ ಹೊತ್ತಿನಲ್ಲಿ ಕೇಳಿದ ‘ಬೇಡ’ದಿಂದ ಏನೂ ನಷ್ಟವಿಲ್ಲ.